ವೃತ್ತಕ್ಕೆ ಮಸಿ ಬಳಿಯುವ ವಿದ್ಯೆ

ಮೊನ್ನೆ ಹಿರಿಯಡ್ಕದ ಒಬ್ಬ ಹುಡುಗಿ ನಮ್ಮ ಮನೆಗೆ ಬಂದಿದ್ದಳು. ಎಂ.ಎಸ್ಸಿ. ಮುಗಿಸಿ, ಮಣಿಪಾಲದ ಒಂದು ಕೋಚಿಂಗ್ ಸಂಸ್ಥೆಯಲ್ಲಿ ಭೌತಶಾಸ್ತ್ರ ಕಲಿಸುವ ಕೆಲಸಕ್ಕೆ ಹೊಸದಾಗಿ ಸೇರಿದ್ದಾಳೆ. ಚಹಾ ಕುಡಿಯುತ್ತಾ, "ಮೇಡಂ, ನಿಮ್ಮ ಅನುಭವದಿಂದ ಎಂತಾದರೂ ಹೇಳಿ," ಎಂದಳು. ನನಗೆ ಖುಷಿಯಾಯಿತು. ತರಂಗಗಳ ಅಧ್ಯಾಯವನ್ನು ಮಕ್ಕಳ ತಲೆಗೆ ಹೇಗೆ ಇಳಿಸಬೇಕು ಎಂದು ಶುರು ಮಾಡಿದೆ. ಅವಳು ನಯವಾಗಿ ನಡುವೆ ಬಾಯಿ ಹಾಕಿದಳು.

"ಅದಲ್ಲ ಮೇಡಂ. ಒಎಂಆರ್ ತುಂಬಿಸುವ ಟ್ರಿಕ್ಸ್ ಉಂಟಲ್ಲ, ಅದು. ನೀವು ಅದರಲ್ಲಿ ಫೇಮಸ್ ಅಂತ ಎಲ್ಲರೂ ಹೇಳುತ್ತಾರೆ."

ಮೂವತ್ತಕ್ಕೂ ಹೆಚ್ಚು ವರ್ಷ ಬೆಳಕು, ಶಾಖ, ವಿದ್ಯುತ್ತು ಎಂದು ಗಂಟಲು ಹರಿದುಕೊಂಡವಳಿಗೆ ಸಿಕ್ಕಿದ ಕೀರ್ತಿ ಇದು. ಕಾಗದದ ಮೇಲೆ ಅಚ್ಚಾದ ಸಣ್ಣ ಸಣ್ಣ ವೃತ್ತಗಳಿಗೆ ಮಸಿ ಬಳಿಯುವುದು ಹೇಗೆಂದು ಕಲಿಸಿದವಳು. ಇರಲಿ. ಹುಡುಗಿ ಕೇಳಿದ್ದಾಳೆ, ಅವಳ ಹಾಗೆ ಇನ್ನೂ ಹಲವರು ಈ ಕೆಲಸಕ್ಕೆ ಬರುತ್ತಿದ್ದಾರೆ. ಬಾಯಲ್ಲಿ ಹೇಳಿದ್ದನ್ನು ಅವರು ರೀಲ್ಸ್ ನೋಡುತ್ತಾ ಮರೆಯುತ್ತಾರೆ. ಅದಕ್ಕೇ ಬರೆದಿಡುತ್ತಿದ್ದೇನೆ.

ನನ್ನ ಹೆಸರು ವಾರಿಜಾ. ಕಾಪುವಿನ ಆಸುಪಾಸಿನ ಒಂದು ಪದವಿಪೂರ್ವ ಕಾಲೇಜಿನಲ್ಲಿ ಉಪನ್ಯಾಸಕಿಯಾಗಿದ್ದು ನಿವೃತ್ತಳಾದೆ. ಆಮೇಲೆ ಉಡುಪಿಯ ಒಂದು ಕೋಚಿಂಗ್ ಸಂಸ್ಥೆಯಲ್ಲಿ ಕೆಲವು ವರ್ಷ ದುಡಿದೆ. ಈಗ ಎರಡೂ ಇಲ್ಲ, ನೆಮ್ಮದಿ ಉಂಟು.

ನಾನು ಕೆಲಸಕ್ಕೆ ಸೇರಿದಾಗ ಪರೀಕ್ಷೆ ಎಂದರೆ ಮಕ್ಕಳು ಬರೆಯುತ್ತಿದ್ದರು. ಸೂತ್ರ ಸಾಧಿಸುತ್ತಿದ್ದರು, ಚಿತ್ರ ಬಿಡಿಸುತ್ತಿದ್ದರು, ಗೊತ್ತಿಲ್ಲದವರು ಕತೆ ಕಟ್ಟುತ್ತಿದ್ದರು. ಸುಳ್ಳು ಹೇಳಲಿಕ್ಕಾದರೂ ಒಂದು ವಾಕ್ಯ ಬರೆಯಬೇಕಿತ್ತು. ಆಮೇಲೆ ಪ್ರವೇಶ ಪರೀಕ್ಷೆಗಳು ಬಂದವು, ಅವುಗಳ ಹಿಂದೆಯೇ ಒಎಂಆರ್ ಹಾಳೆ ಬಂತು. ಪ್ರಶ್ನೆಗೆ ನಾಲ್ಕು ಉತ್ತರ, ಉತ್ತರಕ್ಕೆ ಒಂದು ವೃತ್ತ, ಸರಿ ಎನಿಸಿದ್ದನ್ನು ಪೆನ್ನಿನಿಂದ ಕಪ್ಪು ಮಾಡಬೇಕು. ಓದುವುದು ಯಂತ್ರ. ಯಂತ್ರಕ್ಕೆ ನಿಮ್ಮ ಬುದ್ಧಿ ಬೇಡ, ಕಪ್ಪು ಬಿದ್ದದ್ದು ಎಲ್ಲಿ ಎಂದಷ್ಟೇ ಬೇಕು.

ನಮ್ಮ ಕಾಲೇಜಿಗೆ ಈ ಹಾಳೆ ಮೊದಲು ಬಂದದ್ದು ಒಂದು ಅಭ್ಯಾಸ ಪರೀಕ್ಷೆಗೆ. ಆಗಿನ ಪ್ರಿನ್ಸಿಪಾಲರು ಶಿಸ್ತಿನ ಮನುಷ್ಯ. ಶಿಸ್ತು ಎಂದರೆ ನಿನ್ನೆ ಮಾಡಿದ್ದನ್ನೇ ಇವತ್ತೂ ಮಾಡುವುದು ಎಂದು ಅವರು ತಿಳಿದಿದ್ದರು. ಉತ್ತರ ಪತ್ರಿಕೆ ಎಂದ ಮೇಲೆ ಮೂಲೆಗೆ ತೂತು ಹೊಡೆದು ದಾರ ಕಟ್ಟಬೇಕಲ್ಲ. ಹಾಗಾಗಿ ಇವುಗಳಿಗೂ ತೂತು ಹೊಡೆಸಿದರು, ಬಿಳಿ ದಾರ ಪೋಣಿಸಿ ಗಂಟು ಹಾಕಿಸಿದರು. ನಾನು, "ಸರ್, ಯಂತ್ರ ಇದನ್ನು ತೆಗೆದುಕೊಳ್ಳಲಿಕ್ಕಿಲ್ಲ," ಎಂದೆ. "ವಾರಿಜಾ ಮೇಡಂ, ಒಂದು ಹಾಳೆ ಕಾಣೆಯಾದರೆ ಯಂತ್ರ ಬಂದು ಉತ್ತರ ಕೊಡ್ತದಾ?" ಎಂದು ಗದರಿದರು.

ಕಟ್ಟು ಮಂಗಳೂರಿಗೆ ಹೋಯಿತು. ಯಂತ್ರ ನಡೆಸುವವನು ಬಿಚ್ಚಿ ನೋಡಿ ಫೋನ್ ಮಾಡಿದ. "ಇದೆಂತ ಮಾರಾಯ್ರೇ, ನೀವು ಶಂಕರಪುರದ ಕಡೆಯವರಾ? ಮಲ್ಲಿಗೆ ಕಟ್ಟಿದ ಹಾಗೆ ಕಟ್ಟಿ ಕಳಿಸಿದ್ದೀರಲ್ಲ!" ತೂತು ಸರಿಯಾಗಿ ಹಾಳೆಯ ಅಂಚಿನ ಕಪ್ಪು ಗುರುತುಗಳ ಮೇಲೆ ಬಿದ್ದಿತ್ತು. ಯಂತ್ರ ದಾರಿ ಹಿಡಿಯುವುದೇ ಆ ಗುರುತುಗಳಿಂದ. ಒಂದೇ ಒಂದು ಹಾಳೆಯೂ ಒಳಗೆ ಹೋಗಲಿಲ್ಲ. ಕೊನೆಗೆ ನಾವೇ ಕುಳಿತು ಕಣ್ಣಿನಲ್ಲಿ ನೋಡಿ ಅಂಕ ಹಾಕಿದೆವು. ಪ್ರಿನ್ಸಿಪಾಲರು ಸ್ಟಾಫ್ ಮೀಟಿಂಗಿನಲ್ಲಿ ಯಂತ್ರದ ಗುಣಮಟ್ಟ ಸರಿಯಿಲ್ಲ ಎಂದರು. ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ.

ಮಕ್ಕಳೂ ಕಡಿಮೆಯಿರಲಿಲ್ಲ. ಒಬ್ಬಳು ವೃತ್ತದೊಳಗೆ ಸಣ್ಣ ಹೂವು ಬರೆದಿದ್ದಳು. ಒಬ್ಬ ಎರಡು ವೃತ್ತ ತುಂಬಿ, ಪಕ್ಕದಲ್ಲಿ ಬಾಣ ಹಾಕಿ, 'ಇದು ಸರಿ, ಅದು ಬೇಡ' ಎಂದು ಬರೆದಿದ್ದ. ಇನ್ನೊಬ್ಬ ತಪ್ಪಾದದ್ದನ್ನು ಎಂಜಲು ಹಚ್ಚಿ ಉಜ್ಜಿ ಕಾಗದಕ್ಕೆ ತೂತು ಮಾಡಿದ್ದ. ಎಷ್ಟೋ ಮಂದಿ ಹಾಳೆಯ ತಲೆಯಲ್ಲಿ 'ಶ್ರೀ' ಎಂದು ಬರೆದು, ಅದು ಸಾಲದೆಂದು ಕುಂಕುಮದ ಬೆರಳು ಒತ್ತಿದ್ದರು. ಪರೀಕ್ಷೆ ನಡೆಯುವುದು ಏಪ್ರಿಲ್, ಮೇ ತಿಂಗಳಿನಲ್ಲಿ. ನಮ್ಮ ಕರಾವಳಿಯ ಆ ಸೆಕೆ ನಿಮಗೆ ಗೊತ್ತೇ ಉಂಟು. ದೇವಸ್ಥಾನದಲ್ಲಿ ಹಚ್ಚಿಸಿಕೊಂಡ ಗಂಧ ಬೆವರಿನ ಜೊತೆ ಹಣೆಯಿಂದ ಇಳಿದು ಹಾಳೆಯ ಮೇಲೆ ಬೀಳುತ್ತದೆ. ಅಂಗೈಯ ಬೆವರಿಗೆ ಕಾಗದ ಹಸಿಯಾದರೆ ಪೆನ್ನಿನ ಶಾಯಿ ಹಿಡಿಯುವುದಿಲ್ಲ, ಮಕ್ಕಳು ಒತ್ತುತ್ತಾರೆ, ಕಾಗದ ಕಿತ್ತು ಬರುತ್ತದೆ. ನಾನು ಕಲಿಸಿದ ಮೊದಲ ಟ್ರಿಕ್ಸ್ ಇದೇ ನೋಡಿ: ಕೈಯಡಿಗೆ ಒಂದು ಹತ್ತಿಯ ಕರ್ಚೀಫು ಇಟ್ಟುಕೊಳ್ಳಿ. ಇದಕ್ಕೆ ಯಾವ ವಿಜ್ಞಾನವೂ ಬೇಡ, ಸೆಕೆಯಲ್ಲಿ ಬದುಕಿದ ಬುದ್ಧಿ ಸಾಕು.

ನಿವೃತ್ತಿಯ ನಂತರ ಉಡುಪಿಯ ಸಂಸ್ಥೆಗೆ ಹೋದೆ ಎಂದೆನಲ್ಲ. ಅದರ ಮಾಲೀಕರು ಪ್ರಭಾಕರ ಸರ್, ಕಾರ್ಕಳದವರು. ಒಂದು ಕಾಲದಲ್ಲಿ ಒಳ್ಳೆಯ ರಸಾಯನಶಾಸ್ತ್ರದ ಮೇಷ್ಟ್ರು. ಅವರ ಪಾಠ ನಾನೂ ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಿದ್ದುಂಟು, ಮೆಚ್ಚಿದ್ದುಂಟು. ಆಮೇಲೆ ಅವರಿಗೆ ಕಲಿಸುವುದಕ್ಕಿಂತ ಕಲಿಸುವ ವಿಧಾನವನ್ನು ಮಾರುವುದು ಸುಲಭ ಎಂದು ಹೊಳೆಯಿತು. ಪಾಪ, ಹೊಳೆದ ಮೇಲೆ ಏನು ಮಾಡುವುದು.

ಅವರು ಕಂಡುಹಿಡಿದದ್ದು ಮೂರು ಸುತ್ತಿನ ವಿಧಾನ. ಸುತ್ತುಗಳಿಗೆ ಹೆಸರೂ ಇತ್ತು: ದರ್ಶನ, ಮನನ, ಅರ್ಪಣೆ. ದರ್ಶನ ಎಂದರೆ ಮೊದಲು ಎಲ್ಲ ಪ್ರಶ್ನೆಗಳನ್ನೂ ಸುಮ್ಮನೆ ಓದುವುದು. ಮನನ ಎಂದರೆ ಬಿಡಿಸಿ, ಸರಿಯುತ್ತರಕ್ಕೆ ಪ್ರಶ್ನೆ ಪುಸ್ತಿಕೆಯಲ್ಲೇ ಗುರುತು ಹಾಕುವುದು. ಅರ್ಪಣೆ ಎಂದರೆ ಕೊನೆಯ ಹತ್ತು ನಿಮಿಷದಲ್ಲಿ ಅಷ್ಟೂ ಉತ್ತರಗಳನ್ನು ಒಎಂಆರ್ ಹಾಳೆಗೆ ಒಟ್ಟಿಗೆ ಸುರಿಯುವುದು. ಪುಸ್ತಿಕೆಯಿಂದ ಹಾಳೆಗೆ, ಹಾಳೆಯಿಂದ ಪುಸ್ತಿಕೆಗೆ ಕಣ್ಣು ಓಡಾಡಿದರೆ ಏಕಾಗ್ರತೆ ಹಾಳು ಎಂದು ಅವರ ವಾದ. ಬೆಳಿಗ್ಗೆ ಪ್ರಾರ್ಥನೆಯ ನಂತರ ಮಕ್ಕಳು ಈ ಮೂರು ಶಬ್ದಗಳನ್ನು ಒಟ್ಟಿಗೆ ಕೂಗಬೇಕಿತ್ತು. ನಾನು ಸ್ಟಾಫ್ ರೂಮಿನಲ್ಲಿ ಕಿವಿಗೆ ಹತ್ತಿ ಇಟ್ಟುಕೊಳ್ಳುವುದೊಂದು ಬಾಕಿ.

ಇದರ ಬಾಲಕ್ಕೆ ಇನ್ನೊಂದು ಸಿದ್ಧಾಂತ. ಗೊತ್ತಿಲ್ಲದ ಪ್ರಶ್ನೆಗೆ ಸದಾ 'ಸಿ' ಹಾಕಿ ಎಂದು. ಯಾಕೆ ಸರ್ ಎಂದು ಕೇಳಿದೆ. "ಮನುಷ್ಯನ ಮನಸ್ಸು ಸರಿಯುತ್ತರವನ್ನು ಮೂರನೆಯ ಜಾಗದಲ್ಲಿ ಅಡಗಿಸ್ತದೆ ಮೇಡಂ, ಇದು ಸೈಕಾಲಜಿ," ಎಂದರು. ಪ್ರಶ್ನೆ ಪತ್ರಿಕೆಯನ್ನು ನಾಲ್ಕಾರು ಬಗೆಯಲ್ಲಿ ಕಲಸಿ ಹಂಚುತ್ತಾರೆ, ಒಬ್ಬನ ಮೂರನೆಯ ಜಾಗಕ್ಕೂ ಇನ್ನೊಬ್ಬನ ಮೂರನೆಯ ಜಾಗಕ್ಕೂ ಸಂಬಂಧ ಇಲ್ಲ ಎಂದು ನಾನು ಹೇಳಿದ್ದು ಅವರಿಗೆ ಕೇಳಿಸಲಿಲ್ಲ. ನಿಜ ಇಷ್ಟೇ. ತಪ್ಪಿಗೆ ಅಂಕ ಕಳೆಯದ ಪರೀಕ್ಷೆಯಲ್ಲಿ ಒಂದು ವೃತ್ತವನ್ನೂ ಖಾಲಿ ಬಿಡಬಾರದು, ಯಾವ ಅಕ್ಷರ ಹಾಕಿದರೂ ಒಂದೇ. ಅಂಕ ಕಳೆಯುವ ಪರೀಕ್ಷೆಯಲ್ಲಿ ತೀರಾ ಗೊತ್ತಿಲ್ಲದ್ದಕ್ಕೆ ಕೈ ಹಾಕಬಾರದು. ಇದನ್ನು ಹೇಳಲಿಕ್ಕೆ ಅರ್ಧ ನಿಮಿಷ ಸಾಕು. ಪ್ರಭಾಕರ ಸರ್ ಒಂದು ದಿನದ ಶಿಬಿರ ಮಾಡುತ್ತಿದ್ದರು, ಮಧ್ಯಾಹ್ನ ಊಟ ಸಮೇತ.

ಹೆತ್ತವರು ಇನ್ನೂ ಮೇಲು. ಕಾರ್ಕಳದಲ್ಲಿ ಒಮ್ಮೆ ಪೋಷಕರ ಸಭೆ ಇಟ್ಟಿದ್ದೆವು. ರಜೆಯಲ್ಲಿ ಊರಿಗೆ ಬಂದಿದ್ದ ಶಿರ್ವದ ಒಬ್ಬ ತಂದೆ ಎದ್ದು ನಿಂತು, ಮಗನಿಗೆಂದು ದುಬೈಯಿಂದ ತಂದ ಪೆನ್ನನ್ನು ಎಲ್ಲರಿಗೂ ತೋರಿಸಿದರು. "ಮೇಡಂ, ಇದರ ನಿಬ್ಬು ಸರಿಯಾಗಿ ವೃತ್ತದಷ್ಟೇ ದಪ್ಪ ಉಂಟು. ಒಂದು ಸಲ ಇಟ್ಟರೆ ಆಯಿತು." ಇಟ್ಟು ತೋರಿಸಿದರು. ಶಾಯಿ ಕಾಗದದ ಆಚೆ ಬದಿಗೂ ಇಳಿದು ಕೆಳಗಿದ್ದ ನನ್ನ ಹಾಜರಿ ಪುಸ್ತಕವನ್ನೂ ಕಪ್ಪು ಮಾಡಿತು. "ನಿಮ್ಮ ಮಗನಿಗೆ ಬಲ ಯಾವ ವಿಷಯದಲ್ಲಿ?" ಎಂದು ಕೇಳಿದೆ. ಅವರು ಹೆಂಡತಿಯ ಮುಖ ನೋಡಿದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಇಷ್ಟೆಲ್ಲ ಮೂದಲಿಸಿದ ಮೇಲೆ, ಹಾಗಾದರೆ ಈ ವೃತ್ತ ತುಂಬುವ ವಿದ್ಯೆ ದಂಡವೇ ಎಂದು ಕೇಳುತ್ತೀರಿ. ಅಲ್ಲ. ಅದು ದಂಡ ಅಲ್ಲ ಎಂದು ನನಗೆ ಗೊತ್ತಾದದ್ದು ಉಚ್ಚಿಲದ ರಕ್ಷಿತಾಳಿಂದ.

ರಕ್ಷಿತಾಳ ತಂದೆ ಬೋಟಿನಲ್ಲಿ ಕೆಲಸ ಮಾಡುವವರು. ತಾಯಿ ಗುಲಾಬಿಯಕ್ಕ ಮೀನು ಮಾರುತ್ತಿದ್ದರು, ಒಣಮೀನೂ ಮಾಡುತ್ತಿದ್ದರು. ಮನೆಯಲ್ಲಿ ಒಂದು ದನವಿತ್ತು. ರಕ್ಷಿತಾ ಹೈಸ್ಕೂಲಿನಲ್ಲಿರುವಾಗ ಅದು ಕರು ಹಾಕಲು ಕಷ್ಟಪಟ್ಟು, ಡಾಕ್ಟರು ಬರುವಷ್ಟರಲ್ಲಿ ಸತ್ತುಹೋಗಿತ್ತು. ಆ ದಿನದಿಂದ ಹುಡುಗಿಯ ಬಾಯಲ್ಲಿ ಒಂದೇ ಮಾತು, ತಾನು ಪಶುವೈದ್ಯೆ ಆಗಬೇಕು. ನಮ್ಮ ಸಂಸ್ಥೆಯಲ್ಲಿ ಸೀಟು ಎಂದರೆ ಎಂಬಿಬಿಎಸ್ ಸೀಟು. ಪ್ರಭಾಕರ ಸರ್ ಅವಳನ್ನು ನೋಡಿ, "ಎಂತ, ದನದ ಡಾಕ್ಟರಾ? ಸ್ವಲ್ಪ ಎತ್ತರದ ಕನಸು ಕಾಣಬೇಕು ಮಗಾ," ಎಂದಿದ್ದರು. ಹುಡುಗಿ, "ದನ ಎತ್ತರವೇ ಇರ್ತದೆ ಸರ್," ಎಂದಳಂತೆ. ಅವತ್ತೇ ನನಗೆ ಅವಳು ಇಷ್ಟವಾದಳು.

ಓದಿನಲ್ಲಿ ಗಟ್ಟಿಗಿತ್ತಿ. ಸಿಇಟಿಯಲ್ಲಿ ಸೀಟು ಸಿಗುವುದು ಖಂಡಿತ ಎಂದು ನಾವೆಲ್ಲ ಎಣಿಸಿದ್ದೆವು. ಸಿಗಲಿಲ್ಲ. ರಿಸಲ್ಟ್ ಬಂದ ಮೇಲೆ ಪುಸ್ತಿಕೆ ಹಿಡಿದುಕೊಂಡು ನನ್ನ ಬಳಿ ಬಂದಳು. ಪುಸ್ತಿಕೆಯಲ್ಲಿ ಗುರುತು ಹಾಕಿದ ಉತ್ತರಗಳನ್ನು ಒಂದೊಂದಾಗಿ ನೋಡಿದೆ. ಬಹುಪಾಲು ಸರಿ. "ಮತ್ತೆಂತ ಆಯಿತು?" ಎಂದೆ.

"ಅರ್ಪಣೆ ಮೇಡಂ," ಎಂದು ಅಳಲು ಶುರು ಮಾಡಿದಳು.

ಜೀವಶಾಸ್ತ್ರದ ಪತ್ರಿಕೆಯಲ್ಲಿ ಮೊದಲ ಪುಟದಲ್ಲೇ ಒಂದು ಪ್ರಶ್ನೆ ಬಿಟ್ಟಿದ್ದಳು. ಕೊನೆಯ ಹತ್ತು ನಿಮಿಷದಲ್ಲಿ ಗಡಿಬಿಡಿಯಿಂದ ವೃತ್ತ ತುಂಬುವಾಗ, ಬಿಟ್ಟ ಪ್ರಶ್ನೆಯ ಸಾಲಿಗೇ ಮುಂದಿನದರ ಉತ್ತರ ತುಂಬಿದಳು. ಅಲ್ಲಿಂದ ಮುಂದೆ ಎಲ್ಲವೂ ಒಂದು ಸಾಲು ಮೇಲೆ. ತಪ್ಪು ಕಂಡದ್ದು ಬುಡಕ್ಕೆ ಬಂದ ಮೇಲೆ, ಒಂದು ಸಾಲು ಖಾಲಿ ಉಳಿದಾಗ. ಆಗ ಗಂಟೆ ಹೊಡೆಯಿತು. ಪೆನ್ನಿನಲ್ಲಿ ತುಂಬಿದ ವೃತ್ತವನ್ನು ಅಳಿಸಲಿಕ್ಕಾಗುತ್ತದೆಯೇ? ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಪ್ರಭಾಕರ ಸರ್ ತೀರ್ಪು ಕೊಟ್ಟರು, "ಅರ್ಪಣೆಯಲ್ಲಿ ಶ್ರದ್ಧೆ ಸಾಲಲಿಲ್ಲ." ನನಗೆ ಮೈಯೆಲ್ಲ ಉರಿದುಹೋಯಿತು. ತಮ್ಮ ವಿಧಾನಕ್ಕೆ ಒಂದು ಮಗುವಿನ ವರ್ಷ ಬಲಿಯಾದರೂ ದೋಷ ಮಗುವಿನ ತಲೆಗೇ.

ಮನೆಯಲ್ಲಿ ಇನ್ನೊಂದೇ ವರ್ಷ ಎಂದು ತೀರ್ಮಾನವಾಯಿತು. ಈ ಸಲವೂ ಸೀಟು ಸಿಗದಿದ್ದರೆ ಸಂಬಂಧಿಕರ ಐಸ್ ಪ್ಲಾಂಟಿನ ಆಫೀಸಿನಲ್ಲಿ ಕೆಲಸಕ್ಕೆ ಕುಳಿತುಕೊಳ್ಳುವುದು. ಅದನ್ನು ಆಗಲೇ ಮಾತಾಡಿಯೂ ಇಟ್ಟಿದ್ದರು. ಗುಲಾಬಿಯಕ್ಕ ನನ್ನ ಹತ್ತಿರ ತುಳುವಿನಲ್ಲಿ ಹೇಳಿದ್ದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ: "ಟೀಚರ್, ಅವಳಿಗೆ ಉತ್ತರ ಗೊತ್ತುಂಟು ಅಂತ ನೀವೇ ಹೇಳ್ತೀರಿ. ಗೊತ್ತಿದ್ದದ್ದನ್ನು ಬರೆಯಲಿಕ್ಕೆ ಮಾತ್ರ ನೀವು ಕಲಿಸಲಿಲ್ಲವಾ?"

ಮರುದಿನದಿಂದಲೇ ನಾನು ರಕ್ಷಿತಾಳನ್ನು ಬೇರೆ ಕೂರಿಸಿ ಅಭ್ಯಾಸ ಮಾಡಿಸಲು ಶುರು ಮಾಡಿದೆ.

ನನ್ನ ವಿಧಾನಕ್ಕೆ ಹೆಸರಿಲ್ಲ. ಒಂದು ಪುಟ ಬಿಡಿಸು, ಆ ಪುಟದ ಉತ್ತರಗಳನ್ನು ತುಂಬು, ಮುಂದಿನ ಪುಟಕ್ಕೆ ಹೋಗು. ತುಂಬುವಾಗ ಪ್ರಶ್ನೆಯ ಸಂಖ್ಯೆಯನ್ನೂ ಉತ್ತರದ ಅಕ್ಷರವನ್ನೂ ಮನಸ್ಸಿನಲ್ಲೇ ಉಚ್ಚರಿಸು. ಬಿಟ್ಟ ಪ್ರಶ್ನೆಯ ಸಂಖ್ಯೆಗೆ ಪುಸ್ತಿಕೆಯಲ್ಲಿ ದೊಡ್ಡ ಸುತ್ತು ಹಾಕು. ಪ್ರತಿ ಹತ್ತರ ಕೊನೆಯಲ್ಲಿ ಒಮ್ಮೆ ನಿಂತು ಸಂಖ್ಯೆ ತಾಳೆ ನೋಡು. ದಾರಿ ತಪ್ಪಿದ್ದರೂ ಹತ್ತರೊಳಗೆ ಗೊತ್ತಾಗುತ್ತದೆ. ಕೊನೆಯ ಐದು ನಿಮಿಷ ಬಿಟ್ಟ ಪ್ರಶ್ನೆಗಳಿಗೆ, ಹೊಸ ಲೆಕ್ಕಕ್ಕಲ್ಲ. ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು ಎನ್ನುತ್ತಾರಲ್ಲ, ಅಷ್ಟೇ.

ಆದರೆ ರಕ್ಷಿತಾಳ ಕೈ ನಿಧಾನ. ಒಂದು ವೃತ್ತ ತುಂಬುವಷ್ಟರಲ್ಲಿ ಬೇರೆಯವರು ಎರಡು ತುಂಬುತ್ತಿದ್ದರು. ಗೆರೆ ಹೊರಗೆ ಹೋಗುತ್ತಿತ್ತು, ಅದನ್ನು ಸರಿ ಮಾಡಲು ಹೋಗಿ ಇನ್ನಷ್ಟು ಹೊತ್ತು ಕಳೆಯುತ್ತಿದ್ದಳು. ಪುಟಕ್ಕೊಮ್ಮೆ ತುಂಬಿದರೂ ಕೊನೆಯ ಪುಟ ಉಳಿಯುತ್ತಿತ್ತು. ನನಗೆ ಒಳಗೊಳಗೇ ಹೆದರಿಕೆಯಾಯಿತು.

ಒಂದು ಮಧ್ಯಾಹ್ನ ಕರೆಂಟು ಹೋಗಿತ್ತು. ಮಕ್ಕಳು ಪುಸ್ತಕದಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ರಕ್ಷಿತಾ ಬಲಗೈಯಲ್ಲಿ ಗಾಳಿ ಹಾಕುತ್ತಾ, ಎಡಗೈಯಲ್ಲಿ ಗೆಳತಿಯ ಪುಸ್ತಕದ ಮೇಲೆ ಕರುವಿನ ಚಿತ್ರ ಬಿಡಿಸುತ್ತಿದ್ದಳು. ಮೈಮೇಲೆ ಕಪ್ಪು ಮಚ್ಚೆಗಳು. ಒಂದೊಂದು ಮಚ್ಚೆಯೂ ಗುಂಡಗೆ, ಒಂದು ಕ್ಷಣದಲ್ಲಿ. ನಾನು ಹಿಂದೆ ಹೋಗಿ ನಿಂತೆ.

"ನೀನು ಎಡಗೈಯವಳಾ?"

ಅವಳು ಕದ್ದು ಸಿಕ್ಕಿಬಿದ್ದವಳ ಹಾಗೆ ಕೈಯನ್ನು ಬೆನ್ನ ಹಿಂದೆ ಅಡಗಿಸಿದಳು. "ಇಲ್ಲ ಮೇಡಂ. ಸಣ್ಣವಳಿರುವಾಗ ಇತ್ತು. ಅಜ್ಜಿ ಬಿಡಿಸಿದ್ದು. ಬಲಗೈಯಲ್ಲೇ ಬರೆಯುವುದು ನಾನು."

ಎಡಗೈಯಲ್ಲಿ ಪ್ರಸಾದ ತೆಗೆದುಕೊಳ್ಳಬಾರದು, ಬಡಿಸಬಾರದು, ಕೊಡಬಾರದು ಎಂಬುದು ನಮ್ಮ ಕಡೆ ಎಲ್ಲ ಮನೆಗಳಲ್ಲೂ ಇರುವುದೇ. ಅಜ್ಜಿ ಅದಕ್ಕೆ ಸ್ಲೇಟನ್ನೂ ಸೇರಿಸಿದ್ದರು. ಆ ಮಗು ಬಲಗೈಯಲ್ಲಿ ಬರೆಯಲು ಕಲಿತಿತು, ಆದರೆ ಅವಸರಕ್ಕೆ ಓಡುವ ಕೈ ಎಡಗೈಯೇ.

ಅವಳ ಎಡಬದಿಗೆ ಒಎಂಆರ್ ಹಾಳೆ ಇಟ್ಟೆ, ಬಲಬದಿಗೆ ಪುಸ್ತಿಕೆ. ಎರಡು ಕೈಗೆ ಎರಡು ಪೆನ್ನು. ಬಲಗೈ ಲೆಕ್ಕ ಮಾಡಲಿ, ಪ್ರಶ್ನೆಯ ಸಂಖ್ಯೆಯ ಮೇಲೆ ಬೆರಳಿಟ್ಟು ಕಾಯಲಿ. ಎಡಗೈ ವೃತ್ತ ತುಂಬಲಿ. ಮೊದಲ ದಿನ ಸ್ವಲ್ಪ ತಡವರಿಸಿದಳು. ವಾರ ಕಳೆಯುವಷ್ಟರಲ್ಲಿ ಪುಟಕ್ಕೊಮ್ಮೆ ತುಂಬಿಯೂ ಕೊನೆಗೆ ಸಮಯ ಉಳಿಯತೊಡಗಿತು. ಸಾಲು ತಪ್ಪುವ ಪ್ರಶ್ನೆಯೇ ಬರಲಿಲ್ಲ, ಯಾಕೆಂದರೆ ಬಲಗೈಯ ಬೆರಳು ಸಂಖ್ಯೆಯನ್ನು ಬಿಡುತ್ತಿರಲಿಲ್ಲ. ಇಷ್ಟು ವರ್ಷ ಎಷ್ಟೋ ಹಾಳೆ ನೋಡಿದ್ದೇನೆ, ಒಂದು ಮಗು ಹೀಗೆ ಎರಡೂ ಕೈಗಳಿಂದ ಪರೀಕ್ಷೆ ಬರೆಯುವುದನ್ನು ನೋಡಿ ನನಗೆ ಆದ ಸಂತೋಷ ಬೇರೆ ಯಾವುದರಿಂದಲೂ ಆಗಿಲ್ಲ.

ಪ್ರಭಾಕರ ಸರ್‌ಗೆ ಆಗಲಿಲ್ಲ. ಪರೀಕ್ಷೆ ಹತ್ತಿರ ಬಂದಾಗ ಸಂಸ್ಥೆಯಲ್ಲಿ ಪೆನ್ನಿನ ಪೂಜೆ ಎಂಬುದೊಂದು ನಡೆಯುತ್ತಿತ್ತು. ಪೆನ್ನುಗಳ ಕಟ್ಟನ್ನು ದೇವಿಯ ಎದುರು ಇಟ್ಟು, ಭಟ್ಟರಿಂದ ಹೂ ಹಾಕಿಸಿ, ಮಕ್ಕಳಿಗೆ ಹಂಚುವುದು. ನೀಟ್ ಪರೀಕ್ಷೆಯಲ್ಲಿ ಪೆನ್ನನ್ನು ಅಲ್ಲೇ ಕೊಡುತ್ತಾರೆ, ಹೊರಗಿನ ಪೆನ್ನು ಒಳಗೆ ಬಿಡುವುದೇ ಇಲ್ಲ ಎಂದು ನಾನು ನೆನಪಿಸಿದಾಗ, "ಸಂಕಲ್ಪ ಮುಖ್ಯ ಮೇಡಂ," ಎಂದಿದ್ದರು. ಸಿಇಟಿಗೆ ಮಾತ್ರ ಸ್ವಂತ ಪೆನ್ನು ನಡೆಯುತ್ತದೆ. ಈ ಸಲ ರಕ್ಷಿತಾ ಪೂಜೆಯ ಪೆನ್ನನ್ನು ಎಡಗೈಯಲ್ಲಿ ಹಿಡಿದು ಅಭ್ಯಾಸ ಮಾಡುತ್ತಿದ್ದುದನ್ನು ನೋಡಿ ಅವರ ಮುಖ ಹುಳಿಯಾಯಿತು.

"ವಾರಿಜಾ ಮೇಡಂ, ಇದೆಂತ ಸರ್ಕಸ್? ಬೇರೆ ಮಕ್ಕಳ ಮನಸ್ಸಿಗೆ ಎಂತ ಆಗ್ತದೆ? ಅರ್ಪಣೆ ಎಡಗೈಯಲ್ಲಿ ಮಾಡ್ತಾರಾ ಯಾರಾದರೂ?"

"ಸರ್, ಅದನ್ನು ಓದುವುದು ಯಂತ್ರ. ಅದಕ್ಕೆ ಮಡಿ ಮೈಲಿಗೆ ಇಲ್ಲ."

"ಹೆತ್ತವರನ್ನು ಕರೆಸಿ. ಅವರು ಒಪ್ಪಿದರೆ ನಿಮ್ಮ ಜವಾಬ್ದಾರಿಯಲ್ಲಿ ಮಾಡಿಕೊಳ್ಳಿ. ರಿಸಲ್ಟ್ ಹಾಳಾದರೆ ಸಂಸ್ಥೆಯ ಹೆಸರು ಹೇಳಬಾರದು."

ಗುಲಾಬಿಯಕ್ಕ ಬಂದರು. ವ್ಯಾಪಾರದ ಹೊತ್ತಿನಲ್ಲೇ ಮೀನಿನ ಬುಟ್ಟಿಯನ್ನು ಇನ್ನೊಬ್ಬರಿಗೆ ಒಪ್ಪಿಸಿ, ಬಸ್ಸು ಹತ್ತಿ ಬಂದಿದ್ದರು. ಪ್ರಭಾಕರ ಸರ್ ಅವರಿಗೆ ಮೂರು ಸುತ್ತನ್ನೂ ವಿವರಿಸಿದರು. ಗುಲಾಬಿಯಕ್ಕ ಗೌರವದಿಂದ ಕೇಳಿ, ನನ್ನ ಕಡೆ ತಿರುಗಿದರು.

"ಟೀಚರ್, ಎಡಗೈಯಲ್ಲಿ ಮಾಡಿದರೆ ಅವಳಿಗೆ ಸಮಯ ಸಾಕಾಗ್ತದಾ?"

"ಸಾಕಾಗ್ತದೆ."

"ಬಲಗೈಯಲ್ಲಿ?"

"ಕಷ್ಟ."

ಅವರಿಗೂ ಮನಸ್ಸು ಪೂರ್ತಿ ಒಪ್ಪಲಿಲ್ಲ ಎಂದು ಮುಖ ನೋಡಿದರೆ ತಿಳಿಯುತ್ತಿತ್ತು. "ಬೇರೆಲ್ಲ ಸರಿ ಟೀಚರ್. ದೇವಿಯ ಎದುರು ಇಟ್ಟ ಪೆನ್ನು ನೋಡಿ. ಅದನ್ನು ಎಡಗೈಯಲ್ಲಿ ಹಿಡಿಯುವುದು ಅಂದರೆ ನನಗೇ ಒಂಥರಾ ಆಗ್ತದೆ. ಅತ್ತೆಯ ಹತ್ತಿರ ಎಂತ ಹೇಳಲಿ?"

ದೇವರ ವಿಷಯದಲ್ಲಿ ಅವರ ಭಯ ಸಾಚಾ, ಪ್ರಭಾಕರ ಸರ್ ಭಯದ ಹಾಗೆ ಅಂಗಡಿಯದ್ದಲ್ಲ. ಅದಕ್ಕೆ ನಾನು ನಗಲಿಲ್ಲ. "ಗುಲಾಬಿಯಕ್ಕ, ಅವಳ ಹತ್ತಿರ ಎರಡು ಪೆನ್ನು ಉಂಟಲ್ಲ. ದೇವಿಯ ಪೆನ್ನು ಬಲಗೈಯಲ್ಲಿರಲಿ, ಲೆಕ್ಕ ಮಾಡಲಿಕ್ಕೆ. ಅಂಗಡಿಯ ಪೆನ್ನು ಎಡಗೈಯಲ್ಲಿರಲಿ, ಮಸಿ ಬಳಿಯಲಿಕ್ಕೆ," ಎಂದೆ.

ಅವರ ಮುಖ ಅರಳಿತು. "ಹಾಗಾದರೆ ಸರಿಯೇ ಆಯಿತಲ್ಲ! ಬುದ್ಧಿ ದೇವಿಯದ್ದು, ಮಸಿ ಅಂಗಡಿಯದ್ದು." ಆಮೇಲೆ ಪ್ರಭಾಕರ ಸರ್ ಕಡೆಗೆ ತಿರುಗಿ, "ಆಯಿತು ಸರ್, ಹೀಗೇ ಬರೆಯಲಿ," ಎಂದರು. ಸರ್ ಏನೋ ಹೇಳಲು ಹೊರಟು, ತಾವೇ ಪೂಜೆ ಮಾಡಿಸಿದ ಪೆನ್ನನ್ನು ಹಳಿಯುವುದು ಹೇಗೆಂದು ತಿಳಿಯದೆ ಬಾಯಿ ಮುಚ್ಚಿದರು.

ಪರೀಕ್ಷೆಯ ದಿನ ಉಡುಪಿಯ ಪರೀಕ್ಷಾ ಕೇಂದ್ರದ ಗೇಟಿನ ಹೊರಗೆ ನಾನೂ ಗುಲಾಬಿಯಕ್ಕನೂ ಮರದಡಿಯಲ್ಲಿ ನಿಂತಿದ್ದೆವು. ಒಳಗೆ ಜೀವಶಾಸ್ತ್ರ. ಕಳೆದ ವರ್ಷ ಅವಳನ್ನು ಮುಳುಗಿಸಿದ ಪತ್ರಿಕೆ. ಕೊನೆಯ ಹತ್ತು ನಿಮಿಷದ ಗಂಟೆ ಹೊರಗೂ ಕೇಳಿಸಿತು. ಗುಲಾಬಿಯಕ್ಕ ನನ್ನ ಕೈ ಹಿಡಿದುಕೊಂಡರು. ಅವರ ಕೈಯೂ ಬೆವರಿತ್ತು, ನನ್ನದೂ.

ರಕ್ಷಿತಾ ಹೊರಗೆ ಬಂದವಳೇ ನೀರು ಕೇಳಿ ಕುಡಿದಳು. ಆಮೇಲೆ ಹೇಳಿದಳು. "ಮೇಡಂ, ಹತ್ತು ನಿಮಿಷದ ಬೆಲ್ ಆದ ಕೂಡಲೇ ನಮ್ಮವರೆಲ್ಲ ಒಟ್ಟಿಗೆ ಪೆನ್ನು ಎತ್ತಿದರು. ಅರ್ಪಣೆ ಶುರು. ನನ್ನದು ಕೊನೆಯ ಪುಟ ಮಾತ್ರ ಬಾಕಿ ಇತ್ತು. ಮೇಲ್ವಿಚಾರಕರು ಬಂದು ನನ್ನ ಎರಡೂ ಕೈ ನೋಡಿದರು, ಹಾಲ್ ಟಿಕೆಟ್ ನೋಡಿದರು, ಪುನಃ ಕೈ ನೋಡಿದರು. ಎಂತ ಹೇಳಬೇಕು ಅಂತ ಗೊತ್ತಾಗದೆ ಹೋದರು."

"ಸಾಲು?"

"ಪ್ರತಿ ಹತ್ತಕ್ಕೂ ನೋಡಿದ್ದೇನೆ ಮೇಡಂ. ತಪ್ಪಲಿಲ್ಲ."

ಗುಲಾಬಿಯಕ್ಕನಿಗೆ ನಾವು ಮಾತಾಡಿದ್ದು ಪೂರ್ತಿ ಅರ್ಥವಾಗಲಿಲ್ಲ. ಮಗಳ ಮುಖ ನೋಡಿ ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಸೀಟು ಸಿಕ್ಕಿತು. ಸರ್ಕಾರಿ ಪಶುವೈದ್ಯಕೀಯ ಕಾಲೇಜು, ಕೇಳಿದ್ದೇ ಸಿಕ್ಕಿತು. ಐಸ್ ಪ್ಲಾಂಟಿನವರಿಗೆ ಬರುವುದಿಲ್ಲ ಎಂದು ಹೇಳಿ ಕಳಿಸಿದರು.

ಅದೇ ವಾರ ಹೈವೇಯ ಬದಿಯಲ್ಲಿ ಪ್ರಭಾಕರ ಸರ್ ಫ್ಲೆಕ್ಸ್ ಎದ್ದಿತು. ನಡುವೆ ಕೈಕಟ್ಟಿ ನಿಂತ ಸರ್, ಆಳೆತ್ತರಕ್ಕೆ. ಕೆಳಗೆ ಸಾಲಾಗಿ ಮಕ್ಕಳ ಫೋಟೋ. ಮೇಲೆ ದಪ್ಪ ಅಕ್ಷರದಲ್ಲಿ 'ದರ್ಶನ, ಮನನ, ಅರ್ಪಣೆ'. ರಕ್ಷಿತಾ ಅದರಲ್ಲಿ ಇರಲಿಲ್ಲ. ಕೇಳಿದ್ದಕ್ಕೆ ಸರ್, "ವೆಟರ್ನರಿ ಫ್ಲೆಕ್ಸಿಗೆ ಬರುವುದಿಲ್ಲ ಮೇಡಂ, ಸಾಲು ಎಂಬಿಬಿಎಸ್‌ಗೇ ಸಾಲಲಿಲ್ಲ," ಎಂದರು. ಗುಲಾಬಿಯಕ್ಕ ಮೀನಿನ ಬುಟ್ಟಿ ಇಳಿಸಿ ಅದರ ಕೆಳಗೆ ನಿಂತು ಒಂದೊಂದೇ ಮುಖ ಹುಡುಕಿದರಂತೆ. ನನಗೆ ಫೋನ್ ಮಾಡಿ, "ಟೀಚರ್, ಇಷ್ಟು ದೊಡ್ಡ ಬೋರ್ಡಿನಲ್ಲಿ ನಮ್ಮ ಹುಡುಗಿಗೆ ಮಾತ್ರ ಜಾಗ ಇಲ್ವಾ?" ಎಂದು ಕೇಳಿದರು. ಆ ಸ್ವರ ಕೇಳಿ ನನಗೆ ಸಿಟ್ಟು ತಡೆಯಲಾಗಲಿಲ್ಲ. ಮರುದಿನವೇ ಕೆಲಸ ಬಿಟ್ಟೆ. ಬೀಳ್ಕೊಡುಗೆಗೆ ಅವರು ಒಂದು ಗಡಿಯಾರ ಕೊಟ್ಟರು, ಹತ್ತು ನಿಮಿಷ ಹಿಂದೆ ಓಡುತ್ತದೆ.

ಆದ್ದರಿಂದ, ಹಿರಿಯಡ್ಕದ ಹುಡುಗಿಗೂ ಅವಳ ಹಾಗಿನವರಿಗೂ ನಾನು ಹೇಳುವುದು ಇಷ್ಟು. ಟ್ರಿಕ್ಸ್ ಕಲಿಸಿ, ಬೇಡ ಎನ್ನುವುದಿಲ್ಲ. ಅದನ್ನು ಒಂದು ವಾರದೊಳಗೆ ಕಲಿಸಿ ಮುಗಿಸಿ ಪಾಠಕ್ಕೆ ಬನ್ನಿ. ಮತ್ತೆ, ವಿಧಾನಕ್ಕೆ ಮಗುವನ್ನು ಹೊಂದಿಸಬೇಡಿ. ಎದುರು ಕುಳಿತ ಮಗುವಿನ ಕೈ ಹೇಗೆ ಓಡುತ್ತದೆ ಎಂದು ಮೊದಲು ನೋಡಿ.

ಮಳೆಗಾಲ ಕಳೆದು ಬಿಸಿಲು ಬಿದ್ದ ಮೇಲೆ ಉಚ್ಚಿಲದ ಕಡೆ ಹೋದವಳು ಗುಲಾಬಿಯಕ್ಕನ ಮನೆಗೆ ಹೊಕ್ಕೆ. ರಕ್ಷಿತಾ ಕಾಲೇಜಿಗೆ ಹೋಗಿ ತಿಂಗಳುಗಳಾಗಿದ್ದವು. ಅಂಗಳದಲ್ಲಿ ದೊಡ್ಡದೊಂದು ಫ್ಲೆಕ್ಸ್ ಹಾಸಿ, ಉಪ್ಪು ಹಾಕಿದ ಬಂಗುಡೆಯನ್ನು ಸಾಲಾಗಿ ಒಣಗಲು ಇಟ್ಟಿದ್ದರು. ಮೀನುಗಳ ಸಂದಿಯಲ್ಲಿ ಒಂದು ಕೋಟು ಕಂಡಿತು, ಕಟ್ಟಿದ ಕೈ ಕಂಡಿತು, ಮೀಸೆ ಕಂಡಿತು.

"ಇದೆಲ್ಲಿ ಸಿಕ್ಕಿತು?" ಎಂದೆ.

"ಗಾಳಿಗೆ ಹರಿದು ರಸ್ತೆ ಬದಿ ಬಿದ್ದಿತ್ತು ಟೀಚರ್. ಒಳ್ಳೆ ಗಟ್ಟಿ ಉಂಟು." ಕೆಳಗಿನ ಅಂಚನ್ನು ಅವರು ಅಗಲವಾಗಿ ಒಳಗೆ ಮಡಚಿದ್ದರು. ನಾನು ಅತ್ತ ನೋಡಿದ್ದನ್ನು ಕಂಡು ಹೇಳಿದರು, "ಅಲ್ಲಿ ಮಕ್ಕಳ ಮುಖ ಉಂಟಲ್ಲ, ಅದರ ಮೇಲೆ ಮೀನು ಹಾಕಲಿಕ್ಕೆ ಮನಸ್ಸು ಬರಲಿಲ್ಲ. ನಮ್ಮವಳ ಫೋಟೋ ಇಲ್ಲದ್ದು ಒಳ್ಳೆಯದೇ ಆಯಿತು. ಇದ್ದಿದ್ದರೆ ನಾನು ಇದನ್ನು ಚೌಕಟ್ಟು ಹಾಕಿ ಒಳಗೆ ಇಡಬೇಕಿತ್ತು, ಮೀನು ಒಣಗಿಸುವುದು ಎಲ್ಲಿ?"

ಬಿಸಿಲು ನೆತ್ತಿಗೆ ಬಂದಿತ್ತು. ಅವರು ಒಂದು ಕಡೆಯಿಂದ ಮೀನು ಮಗುಚಿ ಹಾಕತೊಡಗಿದರು. ನಾನೂ ಸೀರೆ ಎತ್ತಿ ಕಟ್ಟಿ, ಪ್ರಭಾಕರ ಸರ್ ಹಣೆಯ ಮೇಲಿದ್ದ ಬಂಗುಡೆಯಿಂದ ಶುರು ಮಾಡಿದೆ.